ಸಲಾಮಿಯ ಪಕ್ಕದಲ್ಲಿ ಒಂದು ಉಂಗುರ

ಮೋಕಾ ಊರಿನ ನಮ್ಮ ಬೀದಿಗೆ ಕರೆಂಟು ಮುಂಗೋಪಿ ಬೀಗರ ಹಾಗೆ ಬರುತ್ತಿತ್ತು. ಹೇಳದೆ ಕೇಳದೆ ಬರುವುದು, ಕೂತು ಬೆವರು ಆರುವ ಮೊದಲೇ ಏನೋ ನೆವ ತೆಗೆದು ಎದ್ದು ಹೋಗುವುದು. ಆದರೂ ಬಂದಾಗಲೆಲ್ಲ ಬೀದಿಗೆ ಬೀದಿಯೇ 'ಕರೆಂಟ್ ಬಂತೋ!' ಎಂದು ಕೂಗಲೇಬೇಕು. ಕೂಗದಿದ್ದರೆ ಅದು ನಾಚಿಕೊಂಡು ವಾಪಸು ಹೋದೀತು ಎಂಬ ಭಯವೋ ಏನೋ, ಯಾರೂ ಯೋಚಿಸಿದವರಲ್ಲ. ನಮ್ಮ ಬೀದಿಯ ಕೂಸುಗಳು ಅಮ್ಮಾ ಎನ್ನುವುದಕ್ಕೆ ಮೊದಲು ಇದನ್ನೇ ಕಲಿಯುತ್ತವೆ. ಹಿಂದಿನ ಓಣಿಯ ಬಡಗಿ ಲೆಯೋನ್ಸಿಯೋ ತೀರಿಕೊಂಡು ಪೆಟ್ಟಿಗೆಯಲ್ಲಿ ಮಲಗಿದ್ದಾಗ ಕರೆಂಟು ಬಂದು, ಅಳುತ್ತಿದ್ದ ಹೆಂಗಸರೆಲ್ಲ ಅಳು ನಿಲ್ಲಿಸಿ ಕೂಗಿದರಂತೆ. ಪೆಟ್ಟಿಗೆಯ ಒಳಗಿಂದಲೂ ಒಂದು ಕ್ಷೀಣ ದನಿ ಸೇರಿಕೊಂಡಿತು ಎಂದು ಮೂಲೆ ಅಂಗಡಿಯ ಫೇಯೋ ಕನ್ಯಾಮರಿಯಳ ಮೇಲೆ ಆಣೆ ಇಟ್ಟು ಹೇಳುತ್ತಾನೆ. ಫೇಯೋ ಇಟ್ಟ ಆಣೆಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದರೆ ಇಗರ್ಜಿಯ ಗೋಪುರ ಕುಳ್ಳಗೆ ಕಾಣುತ್ತದೆ, ಆ ಮಾತು ಬೇರೆ.

ಇಂಥ ಬೀದಿಯಲ್ಲಿ ದಾಮಾಸೋ ಕೆಲಸವಿಲ್ಲದೆ ಕೂತ ದಿನವಿರಲಿಲ್ಲ. ಅವನು ಮನೆಮನೆಯ ಇನ್ವರ್ಟರಿಗೆ ಬ್ಯಾಟರಿ ಜೋಡಿಸುವವನು. ಅಕ್ಕಿ ಇಲ್ಲದ ಮನೆ ಒಂದೆರಡು ಹೊತ್ತು ತಡೆದೀತು, ಫ್ಯಾನು ನಿಂತ ಮನೆ ತಡೆಯದು. ಮಲಗಿದ ಅತ್ತೆಯ ಮುಖ ಬೆವತರೆ ಸೊಸೆ ಬರಿಗಾಲಲ್ಲಿ ದಾಮಾಸೋನ ಮನೆಗೆ ಓಡಿ ಬರುತ್ತಿದ್ದಳು.

ಅವನು ಕೆಲಸ ಕಲಿತದ್ದು ಪೇಟೆಯ ಬ್ಯಾಟರಿ ಅಂಗಡಿಯಲ್ಲಿ, ಚಾಗೋ ಮೇಸ್ತ್ರಿಯ ಕೈಕೆಳಗೆ. ಚಾಗೋಗೆ ಒಂದೇ ಹುಬ್ಬು. ಇನ್ನೊಂದು ಹುಬ್ಬು ಬ್ಯಾಟರಿ ಸಿಡಿದಾಗ ಹಾರಿಹೋಗಿ ಪಕ್ಕದ ಕ್ಷೌರದಂಗಡಿಯಲ್ಲಿ ಯಾರದೋ ಮೀಸೆಯಾಯಿತು ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ನಗು ಮುಗಿದ ಮೇಲೆ ಪಾಠ. ಎಲ್ಲಕ್ಕೂ ಮೊದಲು ಸ್ವಿಚ್ಚು ಆರಿಸು. ಕಿಟಕಿ ತೆರೆ, ಬ್ಯಾಟರಿ ಬಿಡುವ ಗಾಳಿ ಹೊರಗೆ ಹೋಗಲಿ. ಜೋಡಿಸುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಬಿಚ್ಚುವಾಗ ಮೈನಸ್ ಮೊದಲು. "ಮೈನಸ್ಸು ಮನೆ ಅಳಿಯ ಇದ್ದ ಹಾಗೆ ಕಣೋ," ಎನ್ನುತ್ತಿದ್ದ, "ಕೊನೇಗೆ ಬರ್ತಾನೆ, ಮೊದಲು ಎದ್ದು ಹೋಗ್ತಾನೆ." ಮತ್ತೆ, ಮೈಮೇಲೆ ಒಂದು ಚೂರು ಲೋಹ ಇರಕೂಡದು. "ಈ ಬ್ಯಾಟರಿ ನಿನ್ನ ಚರ್ಮಾನ ಮುಟ್ಟಿದ್ರೆ ಇರುವೆ ಕಡಿದಷ್ಟೂ ಆಗಲ್ಲ. ಆದ್ರೆ ಪ್ಲಸ್ಸಿಗೂ ಮೈನಸ್ಸಿಗೂ ನಡುವೆ ಕಬ್ಬಿಣವೋ ಚಿನ್ನವೋ ಅಡ್ಡ ಬಿತ್ತು ಅಂದ್ಕೋ, ನೀನು ಅಯ್ಯೋ ಅನ್ನೋದ್ರೊಳಗೆ ಅದು ಕೆಂಡ."

ದಾಮಾಸೋ ಈ ಪಾಠವನ್ನು ಜಪಮಾಲೆಯಂತೆ ಹಿಡಿದುಕೊಂಡ. ಕೆಲಸಕ್ಕೆ ಕೂರುವ ಮೊದಲು ಹಳೆಯ ಬಿಸ್ಕತ್ತಿನ ಡಬ್ಬಿ ತೆರೆದು ಕೈಗಡಿಯಾರ ಬಿಚ್ಚಿ ಹಾಕುವನು. ಆಮೇಲೆ ಮದುವೆಯ ಉಂಗುರ. ಆಮೇಲೆ ಕೊರಳಿನ ಸರ, ಅದರಲ್ಲಿ ಕನ್ಯಾಮರಿಯಳ ಪದಕ. "ಒಂದು ಗಳಿಗೆ ಒಳಗಿರು ತಾಯಿ," ಎಂದು ಪದಕಕ್ಕೆ ಮುತ್ತಿಟ್ಟು ಮುಚ್ಚಳ ಹಾಕುವನು, "ಇಲ್ಲಿ ನಿನ್ನ ಕೈಲೂ ಆಗಲ್ಲ." ಸ್ಪ್ಯಾನರಿನ ಹಿಡಿಗೆ ಟೇಪು ಎಷ್ಟು ಸುತ್ತಿದ್ದನೆಂದರೆ ಅದು ಸ್ಪ್ಯಾನರೋ, ಗಾಯಕ್ಕೆ ಬ್ಯಾಂಡೇಜು ಸುತ್ತಿದ ತೋಳೋ ತಿಳಿಯುತ್ತಿರಲಿಲ್ಲ.

ಆ ಉಂಗುರಕ್ಕೊಂದು ಕಥೆ ಇತ್ತು. ಅವನ ಹೆಂಡತಿ ನೂರಿಸ್ ಮದುವೆಗೆ ಮೊದಲು ಚುರುಟಿನ ಕಾರ್ಖಾನೆಯಲ್ಲಿ ಎಲೆ ಸುತ್ತುತ್ತಿದ್ದವಳು. ದಾಮಾಸೋನ ಜೇಬಿನಲ್ಲಿ ಆಗ ಗಾಳಿ ಬಿಟ್ಟರೆ ಇನ್ನೇನೂ ಇರಲಿಲ್ಲ. ಜೋಡಿ ಉಂಗುರ ತಂದವಳು ಅವಳೇ. ಅವನ ಬೆರಳಿಗೆ ತೊಡಿಸುವಾಗ ಇಗರ್ಜಿಯಲ್ಲಿ ಪಾದ್ರಿಗೂ ಕೇಳುವಂತೆ, "ಇದು ನನ್ನ ಬೆರಳ ಚರ್ಮ ಸುಲಿದು ಮಾಡಿಸಿದ್ದು, ನೆನಪಿರ್ಲಿ" ಎಂದಿದ್ದಳು. ಪಾದ್ರಿ ಆಮೆನ್ ಎಂದುಬಿಟ್ಟ.

ಮೊದಮೊದಲು ದಾಮಾಸೋ ಕೆಲಸ ಮುಗಿಯುತ್ತಲೇ ಉಂಗುರ ತೊಟ್ಟುಕೊಂಡು ಮನೆಗೆ ಬರುತ್ತಿದ್ದ. ಕೆಲಸ ಹೆಚ್ಚಾದ ಹಾಗೆ ಅದು ಡಬ್ಬಿಯಲ್ಲೇ ಉಳಿಯತೊಡಗಿತು. ಒಂದು ಸಂಜೆ ಅವನ ಮುಂದೆ ಬಾಳೆಕಾಯಿ ಬೇಯಿಸಿ ಹಿಸುಕಿದ ಮಾಂಗೂ ಇಟ್ಟು ನೂರಿಸ್ ಕೇಳಿದಳು:

"ಉಂಗುರ ಎಲ್ಲಿ?"

"ಡಬ್ಬೀಲಿ."

"ಕೆಲಸ ಮುಗೀತಲ್ಲ, ಹಾಕ್ಕೊ."

"ನಾಳೆ ಮತ್ತೆ ತೆಗೀಬೇಕಲ್ಲ ಕಣೇ."

"ಊಟಾನೂ ನಾಳೆ ಮತ್ತೆ ಮಾಡ್ಬೇಕು. ಇವತ್ತು ಬಿಡ್ತೀಯಾ?"

ಅವನು ನಕ್ಕ. ಅವಳು ನಗಲಿಲ್ಲ. ದಾಮಾಸೋ ಅದನ್ನು ಗಮನಿಸಬೇಕಿತ್ತು; ಆದರೆ ಮಾಂಗೂವಿನ ಮೇಲೆ ಹುರಿದ ಈರುಳ್ಳಿ ಇತ್ತು, ಅದನ್ನು ಗಮನಿಸಿದ.

ಇಷ್ಟರಲ್ಲೇ ಮುಗಿಯಬಹುದಿತ್ತು, ಆದರೆ ಬಿಸ್ಕತ್ತಿನ ಡಬ್ಬಿಯ ತಳ ತುಕ್ಕು ತಿಂದು ಉದುರಿತು. ಅದೇ ದಿನ ಬೀದಿಯ ಕೊನೆಯ ದೋನ್ಯಾ ಫಿದೆಲಿನಾಳ ಮನೆಯಲ್ಲಿ ಕೇಬಲ್ ಬದಲಿಸುವ ಕೆಲಸ. ದೋನ್ಯಾ ಫಿದೆಲಿನಾ ಮೂವರು ಗಂಡಂದಿರನ್ನು ಮಣ್ಣು ಮಾಡಿದ ವಿಧವೆ. ವಯಸ್ಸು ಎಷ್ಟೆಂದು ಯಾರಿಗೂ ಗೊತ್ತಿಲ್ಲ. ಕೊಲಂಬಸ್ಸನ ಹಡಗು ದಡಕ್ಕೆ ಬಂದಾಗ ಈಕೆ ಬಟ್ಟೆ ಒಗೆಯುತ್ತಿದ್ದಳು, ನೀರು ಕದಡಿದಿರಿ ಎಂದು ಅವರನ್ನು ಬೈದಳು ಎಂದು ಫೇಯೋನ ಲೆಕ್ಕ. ದಾಮಾಸೋ ಉಂಗುರ ಇಡಲು ಏನಾದರೂ ಕೊಡಿ ಎಂದಾಗ ಮುದುಕಿ ಕಿಟಕಿಯ ಮೇಲಿದ್ದ ಗಾಜಿನ ಲೋಟ ತೋರಿಸಿದಳು. ಲೋಟದಲ್ಲಿ ಅವಳ ಕಟ್ಟಿಸಿದ ಹಲ್ಲು ನೀರಿನಲ್ಲಿ ಮಲಗಿತ್ತು. ಗಡಿಯಾರ, ಸರ ಕಿಟಕಿಯ ಮೊಳೆಗೆ ನೇತುಹಾಕಿ, ಉಂಗುರ ಲೋಟಕ್ಕೆ ಬಿಟ್ಟ. ಕೊನೆಯ ಮೈನಸ್ ಬಿಗಿ ಮಾಡುವ ಹೊತ್ತಿಗೆ ಕರೆಂಟ್ ಬಂತೋ ಎಂದು ಬೀದಿ ಕೂಗಿತು. ಮುದುಕಿಯೂ ಕೂಗಿದಳು, ಅವಳ ಗಿಳಿಯೂ ಕೂಗಿತು, ಅವಸರದಲ್ಲಿ ಕಾಫಿ ಕುಡಿದು ದಾಮಾಸೋ ಗಡಿಯಾರ, ಸರ ಎತ್ತಿಕೊಂಡು ಹೊರಟ. ಉಂಗುರ ಹಲ್ಲಿನ ಕೆಳಗೆ ಉಳಿಯಿತು.

ಮುದುಕಿ ಪ್ರಾಮಾಣಿಕಳು. ಮಾರನೆಯ ಬೆಳಿಗ್ಗೆ ಬ್ರೆಡ್ಡು ತರಲು ಹೋದವಳು ಉಂಗುರವನ್ನು ಫೇಯೋನ ಕೈಗೆ ಕೊಟ್ಟು, "ದಾಮಾಸೋ ನನ್ನ ರೂಮಿನಲ್ಲಿ, ಹಲ್ಲಿನ ಲೋಟದಲ್ಲಿ ಬಿಟ್ಟು ಹೋದ, ಕೊಟ್ಬಿಡಪ್ಪ" ಎಂದಳು. ಇದಕ್ಕಿಂತ ಬೆಂಕಿಕಡ್ಡಿಯನ್ನು ಸೀಮೆಎಣ್ಣೆ ಡಬ್ಬಕ್ಕೆ ಎಸೆದಿದ್ದರೆ ಚೆನ್ನಾಗಿತ್ತು.

ಫೇಯೋನ ಅಂಗಡಿಯಲ್ಲಿ ಗಲ್ಲಾದ ಮೇಲೆ ಒಣಮಾಂಸದ ಉದ್ದುದ್ದ ಸಲಾಮಿಗಳು ಮೊಳೆಗೆ ನೇತಾಡುತ್ತಿರುತ್ತವೆ. ಅದರಲ್ಲೊಂದರ ದಾರಕ್ಕೆ ಅವನು ಉಂಗುರ ಪೋಣಿಸಿ, ಎಲ್ಲರ ಕಣ್ಣಿಗೆ ಬೀಳುವಂತೆ ತೂಗಿಬಿಟ್ಟ. ಬಾಗಿಲಲ್ಲಿ ದೋಮಿನೋ ಆಡುವ ಗುಂಪಿಗೆ ಅಂದು ಆಟವೇ ಬೇಕಾಗಲಿಲ್ಲ. ನೂರಿಸ್ ಆ ಹೊತ್ತಿಗೆ ಮೈದಾಹಿಟ್ಟಿಗೆ ಬಂದಳು. ಅವಳು ಮಾಂಸ ತುಂಬಿದ ಕರಿದ ಕಡುಬು ಮಾಡಿ, ಅಂಗಡಿಯ ಎದುರಿನ ಮರದ ಕೆಳಗೆ ಮಾರುತ್ತಿದ್ದಳು.

"ಬಾ ನೂರಿಸ್, ಬಾ," ಎಂದ ಫೇಯೋ. "ನಿಮ್ಮನೆ ಒಡವೆ ಒಂದು ಬಂದಿದೆ. ಪಾಪ, ರಾತ್ರಿಯೆಲ್ಲ ಹಲ್ಲಿನ ಜೊತೆ ಮಲಗಿತ್ತಂತೆ."

"ಕಚ್ಚಿತಾ ಕೇಳು!" ಎಂದ ದೋಮಿನೋದವನೊಬ್ಬ.

"ಕಚ್ಚೋ ಹಲ್ಲು ಲೋಟದಲ್ಲಿತ್ತಲ್ಲಪ್ಪ," ಎಂದ ಇನ್ನೊಬ್ಬ. "ಅದೇ ಅನುಕೂಲ."

ನಗು ಬೀದಿಯ ಆ ತುದಿಗೆ ಹೋಗಿ, ಅಲ್ಲಿಯೂ ನಕ್ಕು, ವಾಪಸು ಬಂತು. ನೂರಿಸ್ ಉಂಗುರವನ್ನು ನೋಡಿದಳು. ಸಲಾಮಿಯನ್ನೂ ನೋಡಿದಳು.

"ಆ ಸಲಾಮಿ ಇಳಿಸು," ಎಂದಳು. "ದಾರ ಬಿಚ್ಚಬೇಡ. ಹಾಗೇ ಕೊಡು."

"ಅಯ್ಯೋ, ತಮಾಷೆಗಂದೆ ಕಣಮ್ಮ."

"ತಮಾಷೇನೂ ಸೇರಿಸಿ ತೂಗು, ಫೇಯೋ. ನಿನ್ನ ತಕ್ಕಡೀಲಿ ಹೆಬ್ಬೆರಳನ್ನೂ ಸೇರಿಸಿ ತೂಗ್ತೀಯಲ್ಲ, ಹಾಗೆ."

ಈಗ ಫೇಯೋನ ಕಡೆ ನೋಡಿ ನಕ್ಕರು. ಆದರೆ ಆ ನಗು ಚಿಕ್ಕದು. ಅಂಗಡಿಯ ಬಾಗಿಲು ದಾಟಲಿಲ್ಲ.

ದಾಮಾಸೋ ಊಟಕ್ಕೆ ಬಂದಾಗ ತಟ್ಟೆಯಲ್ಲಿ ಮಾಂಗೂ, ಅದರ ಮೇಲೆ ಇಡೀ ಸಲಾಮಿ, ದಾರದಲ್ಲಿ ಉಂಗುರ. ಅವನು ಎಲ್ಲ ವಿವರಿಸಿದ. ಡಬ್ಬಿಯ ತಳ, ಲೋಟ, ಹಲ್ಲು, ಗಿಳಿ. ಅವಳು ಕೊನೆಯವರೆಗೂ ಕೇಳಿದಳು.

"ನಂಗೊತ್ತು," ಎಂದಳು. "ಆ ಮುದುಕೀನ ನಿಂಗೆ ಕಟ್ಟೋಕೆ ನಾನೇನು ಹುಚ್ಚಿಯಾ? ನಿನ್ನ ಮೇಲೆ ಅನುಮಾನ ಬಂದಿದ್ರೆ ಸುಲಭ ಇತ್ತು, ಎರಡು ಬಾರಿಸಿ ಮುಗಿಸ್ತಿದ್ದೆ. ನನ್ನ ಬೆರಳು ಸುಲಿದು ಮಾಡಿಸಿದ್ದು ಸಲಾಮಿ ಪಕ್ಕ ನೇತಾಡ್ತು. ಬೀದಿ ನಕ್ತು."

"ನಗಲಿ ಬಿಡು, ಅವರಿಗೆ ಬೇರೆ ಕೆಲಸ ಇಲ್ಲ."

"ನಿಂಗೆ ಕೆಲಸ ಇದೆ, ಅವರಿಗೆ ಕೆಲಸ ಇಲ್ಲ, ನಡುವೆ ನಾನು. ಕೇಳಿಲ್ಲಿ. ಇವತ್ತಿಂದ ಈ ಉಂಗುರ ಆ ಬೆರಳಿಂದ ಇಳೀಬಾರದು. ಇಳೀತು ಅಂದ್ರೆ ನಾನು ಈ ಮನೆ ಮೆಟ್ಟಿಲು ಇಳೀತೀನಿ."

"ಬ್ಯಾಟರಿ ಹತ್ರ ಉಂಗುರ ಹಾಕ್ಕೊಂಡ್ರೆ ಏನಾಗುತ್ತೆ ಗೊತ್ತಾ ನಿಂಗೆ?"

"ಹಾಕ್ಕೊಳ್ದೆ ಇದ್ರೆ ಏನಾಗುತ್ತೆ ಅಂತ ನಾನು ಹೇಳ್ದೆ. ಯಾವುದು ಬೇಕೋ ನೋಡ್ಕೊ."

ನೂರಿಸ್ ಹೇಳಿದ್ದನ್ನು ಮಾಡುವವಳು. ಒಮ್ಮೆ ಅಕ್ಕನ ಜೊತೆ ಮಾತು ಬಿಟ್ಟವಳು, ಇಬ್ಬರೂ ಒಂದೇ ಗೋಡೆಗೆ ಬೆನ್ನು ಕೊಟ್ಟು ಬದುಕುತ್ತಿದ್ದರೂ, ಅಕ್ಕ ಸಾಯುವವರೆಗೆ ಮಾತಾಡಿರಲಿಲ್ಲ. ದಾಮಾಸೋ ದಾರ ಬಿಚ್ಚಿ ಉಂಗುರ ತೊಟ್ಟುಕೊಂಡ. ಅದರಲ್ಲಿ ಬೆಳ್ಳುಳ್ಳಿ ವಾಸನೆ ಇತ್ತು.

ಒಂದಷ್ಟು ದಿನ ಅವನು ಉಪಾಯ ಮಾಡಿದ. ರಬ್ಬರ್ ಕೈಗವಸು ಹಾಕಿದ; ನಮ್ಮ ಸೆಖೆಗೆ ಕೈಗವಸಿನೊಳಗೆ ಮೀನು ಸಾಕುವಷ್ಟು ಬೆವರು ತುಂಬಿ ನಟ್ಟು ಕೈಗೆ ಸಿಕ್ಕದಾಯಿತು. ಆಮೇಲೆ ಉಂಗುರದ ಮೇಲೆಯೇ ಕರಿ ಟೇಪು ಸುತ್ತಿಕೊಂಡ. ಇದು ನಡೆಯಿತು. ಉಂಗುರ ಬೆರಳಲ್ಲೂ ಇತ್ತು, ಚಿನ್ನ ಹೊರಗೂ ಕಾಣುತ್ತಿರಲಿಲ್ಲ. ನೂರಿಸ್ ನೋಡಿ, ಬಾಣಲೆ ಎತ್ತಿಕೊಂಡು ಮರದ ಕಡೆ ಹೊರಟಳು. ಅವನು ಸಮಾಧಾನದ ಉಸಿರು ಬಿಟ್ಟ. ಆ ಉಸಿರಿಗೆ ಬಾಗಿಲ ಪರದೆ ಅಲುಗಿತು.

ಹೀಗಿರುವಾಗ ಫೇಯೋನ ಅಂಗಡಿಯ ಬ್ಯಾಟರಿಗಳು ಕೈಕೊಟ್ಟವು. ಬಿಯರಿನ ತಂಪುಪೆಟ್ಟಿಗೆ ಬೆಚ್ಚಗಾದರೆ ಬೀದಿಯಲ್ಲಿ ದಂಗೆಯಾದೀತು. ಹೊಸ ಬ್ಯಾಟರಿ ತರಿಸಿ, ದಾಮಾಸೋಗೆ ಹೇಳಿ ಕಳಿಸಿದ. ಹಗಲು ಹೊತ್ತು, ಕರೆಂಟಿಲ್ಲ. ದೋಮಿನೋ ಮೇಜು ಬಾಗಿಲಲ್ಲಿ, ಎದುರಿನ ಮರದ ಕೆಳಗೆ ನೂರಿಸಳ ಬಾಣಲೆ. ದಾಮಾಸೋ ಗಲ್ಲಾದ ಹಿಂದೆ ಮೊಣಕಾಲೂರಿ, ಸ್ವಿಚ್ಚು ಆರಿಸಿ, ಹಿಂದಿನ ಬಾಗಿಲು ತೆರೆದು, ಬ್ಯಾಟರಿಗಳನ್ನು ಸಾಲಾಗಿ ಇಟ್ಟ. ಗಡಿಯಾರ ಮತ್ತು ಸರ ಹೊಸ ಡಬ್ಬಿಗೆ ಹೋದವು.

"ಎಲ್ಲಿ, ಕೈ ತೋರ್ಸು," ಎಂದ ಫೇಯೋ. "ಇದೇನೋ ಇದು! ಉಂಗುರಕ್ಕೆ ಕರಿ ಬಟ್ಟೆ ಉಡಿಸಿದ್ದೀಯ! ಯಾರು ಸತ್ರು ಅಂತ ಉಂಗುರ ಸೂತಕ ಹಿಡಿದಿದೆ?"

"ಫಿದೆಲಿನಾಳ ಮೂರನೇ ಗಂಡ," ಎಂದ ದೋಮಿನೋದವನು. "ಸತ್ತು ಕಾಲವಾಯ್ತು, ಆದ್ರೆ ಉಂಗುರಕ್ಕೆ ಸುದ್ದಿ ಈಗ ಬಂತು."

"ಅಲ್ಲ ಅಲ್ಲ, ನಾಲ್ಕನೇ ಗಂಡ! ಬದುಕಿದ್ದಾಗಲೇ ಸೂತಕ ಶುರು ಮಾಡ್ಕೊಂಡಿದ್ದಾನೆ, ಬುದ್ಧಿವಂತ!"

ನಗು ಬೀದಿ ದಾಟಿ ಮರದ ಕೆಳಗೆ ಮುಟ್ಟಿತು. ನೂರಿಸ್ ಜಾಲರಿ ಸೌಟು ಹಿಡಿದುಕೊಂಡು ಇತ್ತ ತಿರುಗಿದಳು. ಕಡುಬು ಬಾಣಲೆಯಲ್ಲಿ ಕಪ್ಪಾಗುತ್ತಿತ್ತು, ಅವಳು ಅದನ್ನು ನೋಡಲಿಲ್ಲ. ದಾಮಾಸೋ ಅವಳ ಮುಖ ನೋಡಿದ. ಆ ಮುಖದಲ್ಲಿ ಸಿಟ್ಟಿದ್ದಿದ್ದರೆ ಅವನು ಹೊರಗೆ ಹೋಗಿ ಮಾತಾಡುತ್ತಿದ್ದ. ಇದ್ದದ್ದು ಸಿಟ್ಟಲ್ಲ. ಸಾಮಾನು ಕಟ್ಟಿ ಬಸ್ಸಿಗೆ ಕಾಯುವವರ ಮುಖ ಅದು.

ಅವನು ಟೇಪು ಕಿತ್ತೆಸೆದ. ಕೈ ಎತ್ತಿ ಉಂಗುರವನ್ನು ಬೀದಿಗೆಲ್ಲ ತೋರಿಸಿದ.

"ನೋಡ್ಕೊಳ್ರೋ! ಚಿನ್ನ! ನನ್ನ ಹೆಂಡ್ತಿ ಹಾಕಿದ್ದು! ಇನ್ನೂ ಯಾರಿಗಾದ್ರೂ ನೋಡ್ಬೇಕಾ?"

ಯಾರೋ ಚಪ್ಪಾಳೆ ತಟ್ಟಿದರು. ಮರದ ಕೆಳಗೆ ನೂರಿಸ್ ಸೌಟು ತಿರುಗಿಸಿ ಕಡುಬು ತೆಗೆದಳು. ಒಂದು ಚೂರು ನಕ್ಕಳೆಂದು ದಾಮಾಸೋಗೆ ಅನಿಸಿತು. ಅಷ್ಟೇ ಸಾಕಾಯಿತು ಅವನಿಗೆ. ಇನ್ನೇನು ಕೆಲವೇ ನಟ್ಟು, ಜಾಗ್ರತೆಯಾಗಿ ಮುಗಿಸಿಬಿಡುತ್ತೇನೆ ಎಂದುಕೊಂಡು ಬಗ್ಗಿದ.

ಜಾಗ್ರತೆಯಾಗಿಯೇ ಮಾಡುತ್ತಿದ್ದ. ಒಂದು ಬ್ಯಾಟರಿಯ ಪ್ಲಸ್ಸಿನ ಮೇಲೆ ಸ್ಪ್ಯಾನರ್ ಕೂರಿಸಿ, ಜಾರದಿರಲೆಂದು ಅದರ ಬಾಯನ್ನು ಎಡಗೈಯಲ್ಲಿ ಅದುಮಿ ಹಿಡಿದಿದ್ದ. ಆಗ ಕರೆಂಟು ಬಂತು.

ಇಡೀ ಬೀದಿ ಒಂದೇ ಗಂಟಲಲ್ಲಿ ಕೂಗಿತು. ದೋಮಿನೋದವರು ಎದ್ದು ನಿಂತು ಮೇಜು ಗುದ್ದಿದರು. ಬಿಲ್ಲೆಗಳು ಹಾರಿದವು, ರೇಡಿಯೋ ಇದ್ದಕ್ಕಿದ್ದಂತೆ ಕಿರುಚಿತು. ದಾಮಾಸೋ ಬೆಚ್ಚಿದ. ಬೆಚ್ಚಿ, ಬಾಯಿ ತೆರೆದು, ಅಭ್ಯಾಸಬಲದಿಂದ ತಾನೂ ಕೂಗಿದ. ಕೂಗುವಾಗ ಸ್ಪ್ಯಾನರ್ ಜಾರಿತು. ಎಡಗೈ ಅದೇ ಬ್ಯಾಟರಿಯ ಮೈನಸ್ಸಿನ ಮೇಲೆ ಬಿತ್ತು. ಅತ್ತ ಪ್ಲಸ್ಸಿಗೆ ತಗುಲಿದ ಸ್ಪ್ಯಾನರ್, ಇತ್ತ ಮೈನಸ್ಸು, ನಡುವೆ ಉಂಗುರ.

'ಕರೆಂಟ್' ಎಂಬಷ್ಟು ಅವನ ಬಾಯಿಂದ ಬಂದಿತ್ತು. 'ಬಂತೋ' ಬರಲಿಲ್ಲ. ಅದರ ಬದಲಿಗೆ ಬಂದ ಸದ್ದನ್ನು ಕೇಳಿದವರು ಯಾರೂ ತಮಾಷೆ ಮಾಡಿ ಹೇಳಿದ್ದಿಲ್ಲ, ಫೇಯೋ ಸಹ.

ಉಂಗುರ ಕೆಂಡವಾಗಿ ಸ್ಪ್ಯಾನರಿಗೆ ಬೆಸೆದುಕೊಂಡಿತ್ತು. ಫೇಯೋ ಸ್ಪ್ಯಾನರನ್ನು ಕಾಲಿಂದ ಒದ್ದು ಬಿಡಿಸಿ, ದಾಮಾಸೋನ ಕೈಯನ್ನು ಬಿಯರಿನ ಪೆಟ್ಟಿಗೆಯ ಐಸುನೀರಿಗೆ ಅದ್ದಿದ. ನೂರಿಸ್ ಬಾಣಲೆಯ ಕೆಳಗಿನ ಉರಿ ಆರಿಸದೆ ಓಡಿ ಬಂದಳು. ಆಸ್ಪತ್ರೆಯಲ್ಲಿ ಉಂಗುರವನ್ನು ಕತ್ತರಿಸಿ ತೆಗೆದರು. ಬೆರಳನ್ನು ಉಳಿಸಲು ನೋಡಿದರು. ಆಗಲಿಲ್ಲ, ಅದನ್ನೂ ತೆಗೆದರು.

ಅವನಿಗೆ ಎಚ್ಚರವಾದಾಗ ನೂರಿಸ್ ಮಂಚದ ಪಕ್ಕ ಕೂತಿದ್ದಳು. ಮಡಿಲಲ್ಲಿ ಕರವಸ್ತ್ರದ ಗಂಟು, ಗಂಟಿನಲ್ಲಿ ತುಂಡಾದ ಉಂಗುರ.

"ನಾನು ಹಾಕ್ಕೊ ಅಂದೆ," ಎಂದಳು. "ನೀನು ಹಾಕ್ಕೊಂಡುಬಿಡೋದಾ?"

"ಬಿಚ್ಚಿದ್ರೆ ಹೋಗ್ತಿದ್ದೆಯಲ್ಲ."

ಅವಳು ತುಂಬ ಹೊತ್ತು ಗಂಟು ಬಿಚ್ಚಿ ಕಟ್ಟಿ ಮಾಡಿದಳು.

"ಹೋಗ್ತಿದ್ನೋ ಇಲ್ವೋ," ಎಂದಳು. "ಹೋಗಿದ್ರೂ ವಾಪಸ್ ಬರ್ತಿದ್ನೇನೋ. ಬೆರಳು ಬರುತ್ತಾ?"

ಬೀದಿ ತನ್ನ ಕೈಲಾದಷ್ಟು ಒಳ್ಳೆಯತನ ತೋರಿಸಿತು. ಬಾಳೆಕಾಯಿ ಗೊನೆ ತಂದುಕೊಟ್ಟರು, ಕೋಳಿ ಸಾರು ತಂದರು. ದೋನ್ಯಾ ಫಿದೆಲಿನಾ ಹಲ್ಲು ಹಾಕಿಕೊಂಡು ಬಂದು ಅತ್ತಳು. ಫೇಯೋ ಆ ಸ್ಪ್ಯಾನರನ್ನು ಸಲಾಮಿಯ ಮೊಳೆಗೆ ನೇತುಹಾಕಿದ. ಅದರ ಬಾಯಲ್ಲಿ ಚಿನ್ನದ ಒಂದು ಕಲೆ ಅಂಟಿಕೊಂಡಿತ್ತು. ಬಂದವರಿಗೆಲ್ಲ ತೋರಿಸಿ, "ಇದಪ್ಪಾ ಪ್ರೀತಿ ಅಂದ್ರೆ" ಎನ್ನುತ್ತಿದ್ದ. ಕಥೆ ಪ್ರತಿ ವಾರ ಬೆಳೆಯಿತು. ಈಗ ಅದರಲ್ಲಿ ಬೆಂಕಿಯ ಉಂಡೆಯೊಂದು ಅಂಗಡಿಯ ಚಾವಣಿ ತೂತು ಮಾಡಿಕೊಂಡು ಹೋಗಿ ಇಗರ್ಜಿಯ ಗಂಟೆ ಬಾರಿಸುತ್ತದೆ. ಸಲಾಮಿಗೆ ಉಂಗುರ ಪೋಣಿಸಿದ ಭಾಗ ಮಾತ್ರ ಎಲ್ಲೋ ಉದುರಿ ಹೋಗಿದೆ.

ದಾಮಾಸೋನ ಎಡಗೈ ಬಿಗಿ ಹಿಡಿತ ಕಳೆದುಕೊಂಡಿತು. ಭಾರದ ಕೇಬಲ್ ಬಗ್ಗಿಸಿ ಹಿಡಿಯಲು ಇನ್ನೊಂದು ಕೈ ಬೇಕಾಯಿತು. ನೂರಿಸ್ ಬಾಣಲೆ ಮಾರಿ ಅವನ ಜೊತೆ ಹೊರಟಳು. ಬೇಗ ಕಲಿತಳು, ಚಾಗೋ ಮೇಸ್ತ್ರಿ ಇದ್ದಿದ್ದರೆ ಉಳಿದ ಹುಬ್ಬನ್ನೂ ಇವಳಿಗೆ ಬಹುಮಾನ ಕೊಡುತ್ತಿದ್ದ. ಮೊದಲ ಮನೆಯಲ್ಲಿ ಬ್ಯಾಟರಿಯ ಮುಂದೆ ಕೂತಾಗ ದಾಮಾಸೋ ಡಬ್ಬಿ ತೆರೆದು ಅವಳ ಮುಂದೆ ಹಿಡಿದ. ಅವಳು ತನ್ನ ಬೆರಳನ್ನು ನೋಡಿಕೊಂಡಳು. ಉಂಗುರ ಬಿಗಿಯಾಗಿತ್ತು, ಉಗುಳು ಹಚ್ಚಿ ತಿರುಗಿಸಿ ತಿರುಗಿಸಿ ಎಳೆಯಬೇಕಾಯಿತು. ಡಬ್ಬಿಯಲ್ಲಿ ಅದು ಅವನ ತುಂಡು ಉಂಗುರಕ್ಕೆ ತಗುಲಿ ಟಿಣ್ ಎಂದಿತು.

ಗಂಡಹೆಂಡಿರು ಜೊತೆಯಾಗಿ ಕೆಲಸಕ್ಕೆ ಹೋಗುವುದನ್ನು ಕಂಡು ಬೀದಿ ಮೆಚ್ಚಿಕೊಂಡಿತು. "ಪಾರಿವಾಳದ ಜೋಡಿ ನೋಡು," ಎನ್ನುತ್ತಿದ್ದರು. ಪಾರಿವಾಳಗಳು ದಾರಿಯುದ್ದಕ್ಕೂ ಮಾತಾಡುತ್ತಿರಲಿಲ್ಲ; ಪ್ಲಸ್ಸು, ಮೈನಸ್ಸು, ಬಿಗಿ, ಸಾಕು, ಇಷ್ಟೇ ಅವರ ನಡುವಿನ ಮಾತು.

ಒಂದು ದಿನ ಮಧ್ಯಾಹ್ನ ಅನ್ನ, ಹುರುಳಿಕಾಯಿ ಬೀಜದ ಸಾರು ಮುಂದಿಟ್ಟುಕೊಂಡು ಕೂತಾಗ ದಾಮಾಸೋ ಅವಳ ಕೈ ನೋಡಿದ. ಬೆರಳಿನ ಬುಡದಲ್ಲಿ ಬಿಳಿ ಪಟ್ಟೆ ಇತ್ತು, ಉಂಗುರ ಇರಲಿಲ್ಲ. ನಿನ್ನೆಯೂ ಇರಲಿಲ್ಲ ಎಂಬುದು ಅವನಿಗೆ ಈಗ ನೆನಪಾಯಿತು.

"ಉಂಗುರ ಎಲ್ಲೇ?"

"ಡಬ್ಬೀಲಿ."

"ಕೆಲಸ ಮುಗೀತಲ್ಲ."

"ನಾಳೆ ಮತ್ತೆ ತೆಗೀಬೇಕಲ್ಲ," ಎಂದು ನೂರಿಸ್ ಪಾತ್ರೆಯ ತಳದ ಸೀದ ಅನ್ನವನ್ನು ಕೆರೆದು ಅವನ ತಟ್ಟೆಗೆ ಹಾಕಿದಳು. ಅದು ಅವನಿಗೆ ಇಷ್ಟ.

ಇದಕ್ಕೊಂದು ಉತ್ತರವಿತ್ತು. ಹಿಂದೆ ಮಾಂಗೂ ಇಟ್ಟ ಆ ಸಂಜೆ ಅವಳೇ ಕೊಟ್ಟಿದ್ದಳು, ದಾಮಾಸೋಗೆ ಅಕ್ಷರ ಬಿಡದೆ ನೆನಪಿತ್ತು. ನಾಲಿಗೆಯ ತುದಿಗೆ ಬಂದ ಅದನ್ನು ಅನ್ನದ ಜೊತೆ ನುಂಗಿದ. ಹೊರಗೆ ಬೀದಿ ಕೂಗಿತು, ತಲೆಯ ಮೇಲೆ ಫ್ಯಾನು ತಿರುಗತೊಡಗಿತು. ಆ ಮನೆಯಿಂದ ಮಾತ್ರ ಯಾರೂ ಕೂಗಲಿಲ್ಲ.